ಗಿರಣಿ ರಾಕ್ ಮತ್ತು ಇಪ್ಪತ್ತು ಮಂದಿ

ನನಗೆ ಒಂದು ಕಡೆ ಸುಮ್ಮನೆ ಕೂತು ಗೊತ್ತಿಲ್ಲ. ಅದಕ್ಕೇ ಇರಬೇಕು, ಇಂಥವೆಲ್ಲ ನನ್ನನ್ನೇ ಹುಡುಕಿಕೊಂಡು ಬರುತ್ತವೆ. ಇಳಕಲ್ಲಿನಲ್ಲಿ ಅಪ್ಪನದು ಹಿಟ್ಟಿನ ಗಿರಣಿ. ನಾನು ಮತ್ತು ಇಬ್ಬರು ಗೆಳೆಯರು ಸೇರಿ ಇಂಡಸ್ಟ್ರಿಯಲ್ ರಾಕ್ ಆಲ್ಬಂ ಮಾಡಲು ಹೊರಟೆವು. ಅಂದರೆ ಗಿಟಾರು, ಡ್ರಮ್ಮಿನ ಜೊತೆ ಯಂತ್ರಗಳ ಸದ್ದನ್ನೂ ಬೆರೆಸಿದ ಹಾಡುಗಳು. ಮೊದಲ ಹಾಡಿಗೆ ನಮ್ಮ ಗಿರಣಿಯ ಸದ್ದನ್ನೇ ರೆಕಾರ್ಡ್ ಮಾಡಿಕೊಂಡೆ. ಅಪ್ಪ ಅದನ್ನು ಕೇಳಿ ಅಲ್ಲೇ ಷರತ್ತು ಹಾಕಿದರು.

"ಬಿಡುಗಡೆ ದಿನ ಈ ಸಪ್ಪಳ ಕೇಳಿ ಇಪ್ಪತ್ತ ಮಂದಿ ಮನಿ ಬಿಟ್ಟ ಬಂದ್ರ ನಾ ಬಾಯಿ ಮುಚ್ಚತೇನಿ. ಬರಲಿಲ್ಲಂದ್ರ ಮರುದಿನದಿಂದ ನೀ ಗಿರಣ್ಯಾಗ ಕುಂಡ್ರಬೇಕು."

ಒಪ್ಪಿಕೊಂಡೆ. ಅಂದಿನಿಂದ ನಿದ್ದೆಯೂ ಸರಿಯಾಗಿ ಬರಲಿಲ್ಲ.

ಕಲ್ಲಿನ ಕಾರ್ಖಾನೆ

ಗ್ರಾನೈಟ್ ಕೊಯ್ಯುವ ಕಾರ್ಖಾನೆಯ ಮಾಲೀಕರಿಗೆ ಫೋನು ಮಾಡಿ, ರೆಕಾರ್ಡಿಂಗಿಗೆ ಬರಲೇ ಎಂದು ಕೇಳಿದೆ. "ಬರ್ರಿ ಬರ್ರಿ, ಎಲ್ಲಾ ವ್ಯವಸ್ಥಾ ಮಾಡಸ್ತೇನಿ" ಎಂದರು. ಮೈಕು ಹೊತ್ತು ಹೋದರೆ ಗೇಟಿನಲ್ಲೇ ಶಾಲು, ಒಳಗೆ ಚಹಾ, ಚುರುಮುರಿ. ಕಾರ್ಖಾನೆ ಮಾತ್ರ ಗಪ್‌ಚಿಪ್. ಕೆಲಸಗಾರರೆಲ್ಲ ಕೈಕಟ್ಟಿಕೊಂಡು ಗೋಡೆಗೆ ಒರಗಿ ನಿಂತಿದ್ದಾರೆ.

"ಮಷೀನ್ ಯಾಕ್ರಿ ಬಂದ್ ಅದಾವು?"

"ನೀವು ಹಾಡು ರೆಕಾರ್ಡ್ ಮಾಡಾಕ ಬರ್ತೀರಂತ ಮುಂಜಾನಿಂದ ಬಂದ್ ಇಡಸೇನ್ರಿ. ಸೊಳ್ಳಿ ಹಾರಿದ್ರೂ ಕೇಳಬೇಕು!"

ನಮಗೆ ಹಾಡಲ್ಲ, ಕಲ್ಲು ಕೊಯ್ಯುವ ಸದ್ದೇ ಬೇಕು ಎಂದೆ. ಅವರು ಮ್ಯಾನೇಜರನ ಕಡೆ ತಿರುಗಿ ಮೆಲ್ಲಗೆ, "ಇವರಿಗೆ ಇನ್ನೊಂದ ಚಹಾ ಕೊಡ್ರಿ" ಎಂದರು.

ಮೆಣಸಿನಕಾಯಿ

ನಮ್ಮ ಗಾಯಕ ಕಮತಗಿಯವನು. ಅವನು ಹಾಡುವುದೆಂದರೆ ಗಂಟಲು ಹರಿಯುವಂತೆ ಕಿರುಚುವುದು. ಅವನ ಮನೆಯಲ್ಲೇ ರೆಕಾರ್ಡಿಂಗ್ ಇಟ್ಟುಕೊಂಡಿದ್ದೆವು. ಎರಡನೇ ಸಲ ಕಿರುಚುತ್ತಲೇ ನೆರೆಮನೆಯ ಅಜ್ಜಿ ಉಪ್ಪು, ಒಣಮೆಣಸಿನಕಾಯಿ ಹಿಡಿದು ಓಡಿ ಬಂದರು. "ಪಾಪ, ಯಾರ ದೃಷ್ಟಿ ತಾಕೇತೋ ಏನೋ!" ಎಂದು ಅವನಿಗೆ ಇಳಿ ತೆಗೆದು, ನಿವಾಳಿಸಿದ್ದನ್ನು ಒಲೆಗೆ ಹಾಕಿದರು. ದೃಷ್ಟಿಯಾಗಿದ್ದರೆ ಮೆಣಸಿನಕಾಯಿ ಘಾಟು ಬರುವುದಿಲ್ಲ ಎಂಬುದು ನಮ್ಮ ಕಡೆಯ ನಂಬಿಕೆ. ಅಂದು ಘಾಟಿಗೆ ಮೂವರೂ ಕೆಮ್ಮಿ ಕೆಮ್ಮಿ ಕಣ್ಣೀರು ಹಾಕಿದೆವು.

ಅಜ್ಜಿ ನಿರಾಶೆಯಿಂದ ಎದ್ದರು. "ದೃಷ್ಟಿ ಏನೂ ಆಗಿಲ್ಲ ಬಿಡ್ರಿ. ಇವನ ದನಿನ ಹಂತಾದ್ದು."

ಮುಖಪುಟ

ಆಲ್ಬಮ್ಮಿನ ಮುಖಪುಟಕ್ಕೆ ಬಾದಾಮಿಯ ಕೆಂಪು ಬಂಡೆಯ ಮುಂದೆ ಫೋಟೊ. ಮೂವರಿಗೂ ಕರಿ ಅಂಗಿ, ಯಾರೂ ನಗಬಾರದೆಂದು ನನ್ನ ಕಟ್ಟಪ್ಪಣೆ. ಬುಟ್ಟಿ ಹೊತ್ತು ರೊಟ್ಟಿ ಮಾರುವ ಹೆಂಗಸೊಬ್ಬರು ದೂರದಿಂದ ನೋಡುತ್ತಿದ್ದವರು ಹತ್ತಿರ ಬಂದು, ಒಬ್ಬೊಬ್ಬರ ಕೈಗೂ ರೊಟ್ಟಿ, ಶೇಂಗಾ ಚಟ್ನಿಪುಡಿ ಇಟ್ಟರು.

"ರೊಕ್ಕ ಬ್ಯಾಡ. ಉಣ್ರಿ. ಎಷ್ಟ ಅತ್ರೂ ಹೋದವ್ರು ತಿರಗಿ ಬರೂದಿಲ್ಲ."

ಬಿಡುಗಡೆ

ಗಿರಣಿಯ ಅಂಗಳದಲ್ಲಿ ಮೂವತ್ತು ಕುರ್ಚಿ ಹಾಕಿಸಿದ್ದೆ. ಬೆಳಗಿನಿಂದ ಕರೆಂಟ್ ಇಲ್ಲ, ಬ್ಯಾಟರಿ ಸ್ಪೀಕರ್ ತರಿಸಿದೆವು. ಹೇಳಿದ ಹೊತ್ತು ಮೀರಿ ಒಂದು ತಾಸಾದರೂ ಒಂದು ನರಪಿಳ್ಳೆಯೂ ಇಲ್ಲ. ಅಪ್ಪ ಕಟ್ಟೆಯ ಮೇಲೆ ಕೂತು ಗಿರಣಿಯ ಕೀಲಿಕೈಯನ್ನು ಬೆರಳಲ್ಲಿ ತಿರುಗಿಸುತ್ತಿದ್ದರು. ನನಗೆ ಅಳು ಬರುವಂತಾಗಿತ್ತು. ಇನ್ನು ಕಾಯಲಾರದೆ ಮೊದಲ ಹಾಡು ಹಚ್ಚಿಯೇಬಿಟ್ಟೆ.

ಐದು ನಿಮಿಷಕ್ಕೆ ಓಣಿಯ ತಿರುವಿನಲ್ಲಿ ಒಬ್ಬ ಹೆಂಗಸು ಕಾಣಿಸಿದರು. ಹಿಂದೆ ಇಬ್ಬರು. ಆಮೇಲೆ ಇಡೀ ಓಣಿ. ಎಲ್ಲರ ಕಂಕುಳಲ್ಲೂ ಡಬ್ಬಿ, ಒಳಗೆ ಜೋಳ, ಗೋಧಿ. ಬಂದವರು ಬಂದಹಾಗೆ ಡಬ್ಬಿಗಳನ್ನು ಕುರ್ಚಿಗಳ ಮೇಲೆ ಪಾಳಿಗೆ ಇಟ್ಟರು.

"ಕರೆಂಟ್ ಬಂತಲ್ರಿ? ಗಿರಣಿ ಸಪ್ಪಳ ಕೇಳಿ ಓಡಿ ಬಂದ್ವಿ."

ಮೂವತ್ತೂ ಕುರ್ಚಿ ಭರ್ತಿ! ಅಪ್ಪ ಎದ್ದು ನಿಂತರು. "ಲೇ, ಅವ್ರು ಬೀಸಾಕ ಬಂದಾರ!"

"ಸಪ್ಪಳ ಕೇಳಿ ಬಂದಾರೋ ಇಲ್ಲೋ, ಅಷ್ಟ ಹೇಳಪಾ."

ಅಪ್ಪ ಮಾತಿಗೆ ತಪ್ಪುವವರಲ್ಲ. ಕೀಲಿಕೈಯನ್ನು ನನ್ನ ಕೈಗೇ ಇಟ್ಟರು. "ಗೆದ್ದಿ. ನಾಳಿಂದ ಗಿರಣ್ಯಾಗ ಕುಂಡ್ರಂತ ನಿನ್ನ ಕೇಳೂದಿಲ್ಲ. ಇವತ್ತ ನೀ ಕರದ ಮಂದಿದು ನೀನ ಬೀಸು."

ಅಷ್ಟರಲ್ಲಿ ಕರೆಂಟ್ ಬಂತು. ಹಾಡು ನಿಲ್ಲಿಸಿ ನಿಜವಾದ ಗಿರಣಿ ಹಚ್ಚಿದೆ. ಪಾಳಿಯಲ್ಲಿ ಮೊದಲು ನಿಂತಿದ್ದ ಮುದುಕಿ ಕಿವಿ ಮುಚ್ಚಿಕೊಂಡು ಅಪ್ಪನಿಗೆ ಹೇಳಿದಳು:

"ಯಪ್ಪಾ, ಇದನ್ನ ಬಂದ್ ಮಾಡಸೋ. ಇಷ್ಟೊತ್ತನ ಹಚ್ಚಿದ್ರಲ್ಲಾ, ಆ ಗಿರಣಿನ ಹಚ್ರಿ. ಅದು ಭಾಳ ಸಣ್ಣ ಬೀಸ್ತಿತ್ತು."