ಮಗಳ ಗೊರಕೆಗೆ ಅಪ್ಪನ ಹಲ್ಲು

ಏಳು ವರ್ಷದ ಮಲ್ಲಿ ಗೊರಕೆ ಹೊಡೆದರೆ ಅಟ್ಟದ ಇಲಿಗಳೂ ಮನೆ ಖಾಲಿ ಮಾಡುತ್ತಿದ್ದವು. ನಗುವ ಮಾತಲ್ಲ ಅದು. ನಡುನಡುವೆ ಉಸಿರೇ ನಿಂತು ಮಗು ಬೆಚ್ಚಿ ಎದ್ದು ಕೂರುತ್ತಿತ್ತು, ಅಪ್ಪ ತೀರ್ಥಪ್ಪನ ಜೀವ ಬಾಯಿಗೆ ಬರುತ್ತಿತ್ತು. ಸರ್ಕಾರಿ ಡಾಕ್ಟರು ಮೂಗು, ಗಂಟಲು ನೋಡಿ, "ಅಂಗುಳ ಇಕ್ಕಟ್ಟು, ಹಲ್ಲಿನ ಡಾಕ್ಟರಿಗೆ ತೋರಿಸಿ" ಎಂದರು. ಕಡೂರಿಗೆ ಹೊಸದಾಗಿ ಬಂದಿದ್ದ ಹಲ್ಲಿನ ಡಾಕ್ಟರು ಬಾಯಿಯ ಅಚ್ಚು ತೆಗೆದುಕೊಂಡಿದ್ದರು. ಇವತ್ತು ಅಂಗುಳಕ್ಕೆ ತಂತಿಯ ಪ್ಲೇಟು ಕೂರಿಸುವ ದಿನ.

"ಗೊರ್ಕೆ ಬರೋದು ಮೂಗಿಂದ ಕಣೋ. ಹಲ್ಲಿನ ಡಾಕ್ಟ್ರು ಏನ್ ಮಾಡ್ತಾನೆ?" ಎಂದಳು ತೀರ್ಥಪ್ಪನ ತಾಯಿ ಅಂಬಮ್ಮ.

"ಎತ್ತು ಕುಂಟಿದ್ರೆ ಗಾಡಿ ಚಕ್ರ ರಿಪೇರಿ ಮಾಡ್ಸಿದಂಗಾಯ್ತು," ಎಂದ ಪಕ್ಕದ ಮನೆಯ ಲಕ್ಕಣ್ಣ.

"ಸಿಂಗಟಗೆರೆ ಊರೇ ಪೂರಾ ನಗ್ಲಿ. ನನ್ ಮಗ್ಳು ಉಸ್ರಾಡ್ಬೇಕು!" ಎಂದು ತೀರ್ಥಪ್ಪ ಮಗಳೊಂದಿಗೆ ಬಸ್ಸು ಹತ್ತಿದ. ಲಕ್ಕಣ್ಣನೂ ಹತ್ತಿದ, ತಮಾಷೆ ತಪ್ಪಿಹೋಗಬಾರದಲ್ಲ.

ಡಾಕ್ಟರ ಕುರ್ಚಿ ಕಂಡದ್ದೇ ಮಲ್ಲಿ ಬಾಯಿ ಬಿಗಿದಳು. "ನೋಡು, ನಾನ್ ಕೂತ್ಕತೀನಿ," ಎಂದು ತೀರ್ಥಪ್ಪನೇ ಕೂತು ಬಾಯಿ ಅಗಲಿಸಿದ.

"ಏನ್ರೀ, ಈ ದವಡೆ ಹಲ್ಲು ಪೂರ್ತಿ ಕೊಳೆತಿದೆ! ತೆಗೀಲೇಬೇಕು," ಎಂದರು ಡಾಕ್ಟರು.

ಮಗಳೆದುರು ಹೆದರಿಕೆ ಅನ್ನಲಾದೀತೆ? ಹಲ್ಲು ಹೋಯಿತು. ಅಪ್ಪನ ಧೈರ್ಯ ನೋಡಿ ಮಲ್ಲಿ ಬಾಯಿ ತೆರೆದಳು, ಪ್ಲೇಟು ಕೂತಿತು.

"ಇದರ ತಿರುಪು ತಿರುಗಿಸ್ತಾ ಬಂದ್ರೆ ಅಂಗುಳ ಅಗಲ ಆಗುತ್ತೆ, ಉಸಿರಿಗೆ ಜಾಗ ಸಿಗುತ್ತೆ. ತಿಂಗಳುಗಟ್ಟಲೆ ಬೇಕು. ಬಿಚ್ಚಿಡಬೇಡಿ," ಎಂದರು ಡಾಕ್ಟರು.

ವಾಪಸು ಬರುವಾಗ ಮಲ್ಲಿ ಅಪ್ಪನ ಭುಜಕ್ಕೊರಗಿ ಕೂತಲ್ಲೇ ನಿದ್ದೆಹೋದಳು. ಗೊರಕೆಯೇ ಇಲ್ಲ! ಬಸ್ಸು ನಿಂತದ್ದೇ ತಡ, ಲಕ್ಕಣ್ಣ ಓಡಿದ. "ಅಂಬಕ್ಕಾ, ತೀರ್ಥಣ್ಣ ಹಲ್ಲು ಕೊಟ್ಟ, ಮಗೀನ ಗೊರ್ಕೆ ನಿಂತೋಯ್ತು!"

ಅಂಬಮ್ಮ ಕೈಮುಗಿದಳು. "ಮಗೀಗೆ ಉಸಾರಿಲ್ದಿದ್ರೆ ಅಪ್ಪ ಮುಡಿ ಕೊಡಲ್ವಾ? ಹಂಗೇ ಇದೂವೆ!"

"ಅಲ್ಲವ್ವಾ, ಕೂತ್ಕಂಡು ಮಲಗಿದ್ಕೆ ಗೊರ್ಕೆ ಬರ್ನಿಲ್ಲ. ವಾಸಿ ಮಾಡೋದು ಪ್ಲೇಟು!" ತೀರ್ಥಪ್ಪನ ಊದಿದ ಕೆನ್ನೆಯ ಮಾತನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಸಂಜೆ ಚಾಪೆಯ ಮೇಲೆ ಉರುಳಿದ್ದೇ ಮಲ್ಲಿ ಮತ್ತೆ ಗೊರ್ರೆಂದಳು.

"ಒಂದು ಹಲ್ಲು ಸಾಲ್ದು ಕಣೋ, ಇನ್ನೊಂದು ಕೊಡು. ಈ ತಂತಿ ಯಾಕೆ, ಬಿಸಾಕ್ತೀನಿ," ಎಂದು ಅಂಬಮ್ಮ ಮಗುವಿನ ಬಾಯಿಗೆ ಕೈಹಾಕಿದಳು.

ತೀರ್ಥಪ್ಪ ಅಡ್ಡ ನಿಂತ. ಆದರೆ ಹಗಲೆಲ್ಲ ಅವನೂ ಹೆಂಡತಿಯೂ ಹೊಲದಲ್ಲಿ, ಮಗು ಅಜ್ಜಿಯ ಕೈಯಲ್ಲಿ. ಕಾವಲು ಕಾಯುವವರು ಯಾರು?

"ಕೊಡ್ತೀನಿ!" ಎಂದು ಗುಡುಗಿದ. "ಯಾವ ಹಲ್ಲು ಬೇಕೋ ತಗಳವ್ವ. ಪ್ಲೇಟು ಮಾತ್ರ ನನ್ ಮಗಳ ಬಾಯಲ್ಲೇ ಇರ್ಬೇಕು!"

ಅಂಬಮ್ಮನ ಮುಖ ಅರಳಿತು.

"ಇರ್ಲಿ ಬಿಡು. ಗೊರ್ಕೆ ನಿಲ್ಲೋಗಂಟ ನೀನು ತಿಂಗ್ಳಿಗೊಂದು ಕೊಟ್ಕಂಡು ಬಂದ್ರಾಯ್ತು."