ಒಂದೇ ಮನೆಯವರಂತಿದ್ದ ನಮ್ಮ ಬೀದಿ

ನನ್ನ ಬಾಲ್ಯದ ಗೆಳೆಯರು ಹಳೇ ಕಾಲ ನೆನೆಸಿಕೊಂಡು ಕಣ್ಣೊರೆಸಿಕೊಳ್ಳೋದು, ನಾನು ಸೆರಗು ಬಾಯಿಗಿಟ್ಟುಕೊಂಡು ನಗು ತಡೆಯೋದು ಈಗ ಮಾಮೂಲಾಗಿಬಿಟ್ಟಿದೆ. ಗುಬ್ಬಿಯ ಒಂದೇ ಬೀದಿಯಲ್ಲಿ ಲಗೋರಿ, ಚಿನ್ನಿದಾಂಡು ಆಡಿ ಬೆಳೆದ ಹದಿನಾಲ್ಕು ಜನ ನಾವು. ಎಲ್ಲರಿಗೂ ಐವತ್ತು ದಾಟಿದೆ. ಒಂದು ವಾಟ್ಸಾಪ್ ಗ್ರೂಪಿದೆ.

೧. ಬಿದ್ದ ಬಾಲು

ಗ್ರೂಪಿನ ಅಡ್ಮಿನ್ ತುಮಕೂರಿನ ಒಂದು ಬಡಾವಣೆಯ ಸಂಘದ ಅಧ್ಯಕ್ಷ. ದಿನಾ ಬೆಳಿಗ್ಗೆ ಅವನದೊಂದು ಮೆಸೇಜು: ‘ನಾವು ಮಣ್ಣಲ್ಲಿ ಆಡಿದೋರು. ಈಗಿನ ಮಕ್ಕಳಿಗೆ ಮೊಬೈಲೇ ಆಟ. ಅಯ್ಯೋ ಪಾಪ!’ ಅದರ ಕೆಳಗೆ ಸಾಲಾಗಿ ಅಳುಮೋರೆಯ ಗೊಂಬೆಗಳು.

ಒಂದು ಭಾನುವಾರ ಅವನ ಮನೆಗೆ ಹೋದೆ. ಗೇಟಿಗೆ ಬೋರ್ಡು: ‘ಇಲ್ಲಿ ಆಟ ಆಡಬಾರದು. ಬಿದ್ದ ಬಾಲು ವಾಪಸ್ ಕೊಡುವುದಿಲ್ಲ.’ ಮೆಟ್ಟಿಲ ಕೆಳಗೆ ಒಂದು ಬಕೆಟ್ ತುಂಬ ಬಾಲು.

‘ಏನೋ ಇದು? ನೀನು ಹೆಂಚು ಒಡೆದು ಬರೋದು, ನಿಮ್ಮಪ್ಪ ಬೀದಿಗೆಲ್ಲ ಕೈ ಮುಗಿಯೋದು, ಮರ್ತೋಯ್ತಾ?’ ಅಂದೆ.

‘ಅದು ಬೇರೆಯೋರ ಮನೆ ಹೆಂಚು ಕಣೇ,’ ಅಂದ. ‘ಇದು ನಮ್ಮನೆ ಗಾಜು!’

೨. ನೆರಳಿನ ಜಾಗ

ಕುಣಿಗಲ್‌ನಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟಿರೋ ಗೆಳೆಯನಿಗೆ ಆಸೆ ಹುಟ್ಟಿತು. ‘ಒಂದಿನ ಎಲ್ರೂ ಸೇರಿ ನಮ್ಮ ಬೀದೀಲೇ ಆಡೋಣ ಕಣ್ರೋ.’ ಸೇರಿದೆವು. ಲಗೋರಿಗೆ ಏಳು ಚಪ್ಪಟೆ ಕಲ್ಲನ್ನೂ ಆರಿಸಿ ತಂದಿದ್ದ. ಆದರೆ ನೆರಳಿದ್ದ ಜಾಗ ಹುಣಸೆಮರದ ಕೆಳಗೊಂದೇ. ಅಲ್ಲಿ ನಮ್ಮವೇ ಎಂಟು ಕಾರು ನಿಂತಿದ್ದವು.

‘ಕಾರು ತೆಗೀರೋ,’ ಅಂದೆ.

‘ಬಿಸಿಲಿಗೆ ಪೇಂಟ್ ಹಾಳಾಗುತ್ತೆ ಕಣೇ.’

ಹಾಗಾಗಿ ಕಾರುಗಳು ನೆರಳಲ್ಲಿ, ನಾವು ಬಿಸಿಲಲ್ಲಿ. ಹತ್ತು ನಿಮಿಷಕ್ಕೆ ಎಲ್ಲರೂ ಸುಸ್ತು. ಆ ಏಳು ಕಲ್ಲು ಕೊನೆಗೆ ಕಾರು ಉರುಳದ ಹಾಗೆ ಚಕ್ರಕ್ಕೆ ಒತ್ತು ಕೊಡೋಕೆ ಉಪಯೋಗ ಆದವು.

೩. ಅಟ್ಟ

ಬಿಸಿಲಲ್ಲಿ ಆಗಲ್ಲ ಅಂತ ದೊಡ್ಡಮ್ಮನ ಮನೆಯೊಳಗೆ ಕಣ್ಣಾಮುಚ್ಚಾಲೆ ಶುರುವಾಯಿತು. ಈ ದೊಡ್ಡಮ್ಮ ನಮ್ಮ ಬೀದಿಗೇ ಹಿರಿಯರು, ವಯಸ್ಸು ಎಂಬತ್ತೈದು. ಅವತ್ತಿನ ಊಟವೂ ಅವರ ಮನೆಯಲ್ಲೇ. ಹುಡುಕುವ ಸರದಿ ಕುಣಿಗಲ್ ಗೆಳೆಯನದು. ಅಧ್ಯಕ್ಷ ಏಣಿ ಹತ್ತಿ, ಕೊಬ್ಬರಿಗೆ ಅಂತ ಕಾಯಿ ತುಂಬಿಟ್ಟಿದ್ದ ಅಟ್ಟ ಸೇರಿ ಕೂತನಂತೆ. ಅಲ್ಲೇ ನಿದ್ದೆ ಹತ್ತಿತಂತೆ.

ಅಷ್ಟರಲ್ಲಿ ‘ಎಲೆ ಹಾಕಿದೆ’ ಅಂತ ಕೂಗು ಬಂತು. ಹುಡುಕಬೇಕಾದವನೇ ಮೊದಲು ಹೋಗಿ ಕೂತ. ಏಣಿ ದಾರಿಗಡ್ಡ ಅಂತ ಅಡುಗೆಯವರು ಅದನ್ನು ಹಿತ್ತಲಿಗೆ ಸಾಗಿಸಿದರು. ಒಬ್ಬ ಕಮ್ಮಿ ಅನ್ನೋದು ಯಾರಿಗೂ ಹೊಳೆಯಲಿಲ್ಲ. ಸುಳ್ಳು ಯಾಕೆ, ನನಗೂ ಹೊಳೆಯಲಿಲ್ಲ.

ಕುಣಿಗಲ್ ಗೆಳೆಯ ಹೋಳಿಗೆ ಮುರಿಯುತ್ತಾ ಗದ್ಗದಿತನಾದ. ‘ಆ ಕಾಲದಲ್ಲಿ ಒಬ್ಬ ಊಟಕ್ಕೆ ಬರ್ಲಿಲ್ಲ ಅಂದ್ರೆ ಇಡೀ ಬೀದಿನೇ ಹುಡುಕ್ತಿತ್ತು!’

ಆಗಲೇ ಅವನ ಫೋನು ಬಡಿದುಕೊಂಡಿತು. ಅಧ್ಯಕ್ಷನ ಹೆಂಡತಿ. ‘ಅಣ್ಣ, ನಮ್ಮನೆಯೋರು ಫೋನೇ ಎತ್ತುತ್ತಿಲ್ಲ. ಶುಗರ್ ಬೇರೆ ಇದೆ. ಊಟ ಮಾಡಿದ್ರಾ?’

‘ನನ್ನ ಪಕ್ಕದಲ್ಲೇ ಕೂತವ್ನೆ ಕಣಮ್ಮ. ಈಗ ಎರಡನೇ ಹೋಳಿಗೆ ಹಾಕಿಸ್ಕೊಂಡ.’

‘ಲೋ, ಒಂದನೇದೇ ಬಂದಿಲ್ಲ ಕಣ್ರೋ!’ ಅಂತ ಮೇಲಿಂದ ದನಿ ಬಂತು.

ಎಲ್ಲರೂ ತಲೆ ಎತ್ತಿದೆವು. ಜೇಡರ ಬಲೆ ಮೆತ್ತಿಕೊಂಡ ಮುಖವೊಂದು ಅಟ್ಟದಿಂದ ಇಣುಕುತ್ತಿತ್ತು. ದೊಡ್ಡಮ್ಮ ಕೋಲು ಹಿಡಿದು ಬಂದೇಬಿಟ್ಟರು.

‘ಯಾವನ್ಲಾ ಅದು, ಕೊಬ್ಬರಿ ಕದಿಯೋಕೆ ಹತ್ತಿರೋನು?’

‘ನಾನು ದೊಡ್ಡಮ್ಮ, ನಾನು! ನಿಮ್ಮ ಕೈತುತ್ತು ತಿಂದು ಬೆಳೆದೋನು!’

ದೊಡ್ಡಮ್ಮ ಕಣ್ಣು ಕಿರಿದು ಮಾಡಿ ನೋಡಿದರು. ಗುರುತು ಸಿಕ್ಕಿತು.

‘ಓ, ನೀನಾ? ಹಂಗಾದ್ರೆ ಕದಿಯೋಕೇ ಹತ್ತಿರೋದು. ಏಣಿ ಈಗ್ಲೇ ಕೊಡ್ಬೇಡ್ರೋ, ಮೊದ್ಲು ಜೇಬು ಖಾಲಿ ಮಾಡ್ಲಿ!’