ನಾನೂರ ಹನ್ನೆರಡನೆಯ ವಿದ್ಯಾರ್ಥಿ

ಬೆಳಿಗ್ಗೆ ಒಂಬತ್ತಕ್ಕೆ ಗೋಡೆಯ ಗುರಿಫಲಕದಲ್ಲಿ ೪೧೧ ಎಂದಿತ್ತು. ಆಗಬೇಕಾದದ್ದು ೪೧೨.

ಶಿಕ್ಷಣ ವಲಯದ ಮೂರು ಸರ್ಕಾರಿ ಶಾಲೆಗಳಲ್ಲಿ ಕೊನೆಯ ವರ್ಷ ಓದುತ್ತಿರುವ ಪ್ರತಿಯೊಬ್ಬ ವಿದ್ಯಾರ್ಥಿಯೂ ಕಾಲೇಜಿಗೆ ಅರ್ಜಿ ಹಾಕಬೇಕು, ಇದು ಆ ವರ್ಷದ ಗುರಿ. ಸಂಜೆ ಐದರೊಳಗೆ ಗುರಿ ಮುಟ್ಟದಿದ್ದರೆ ಕಾಲೇಜು ತಯಾರಿಯ ಅನುದಾನ ನಿಲ್ಲುತ್ತದೆ. ಅದರ ಜೊತೆಗೆ ಸಂಯೋಜಕನ ಸಂಬಳವೂ. ಸಂಯೋಜಕ ಎಂದರೆ ಮೂಲೆಯ ಮೇಜಿನ ಹಿಂದೆ ಕಾಲು ಕುಣಿಸುತ್ತ ಕೂತವನು. ವಯಸ್ಸು ಮೂವತ್ತನಾಲ್ಕು, ನೆತ್ತಿಯ ಮೇಲೆ ಆಗಲೇ ಸ್ವಲ್ಪ ಬಯಲು.

ಉಳಿದ ಆ ಒಬ್ಬ ಯಾರು? ಮಕ್ಕಳ ಹೆಸರು ಬಹಿರಂಗವಾಗಬಾರದೆಂದು ಗಣಕದ ಪಟ್ಟಿಯಲ್ಲಿ ಬರೀ ಸಂಖ್ಯೆಗಳಿದ್ದವು. ಈ ಜಾಣ ಏರ್ಪಾಡನ್ನು ಸೂಚಿಸಿ ಚಪ್ಪಾಳೆ ಗಿಟ್ಟಿಸಿದವನೂ ಇವನೇ. ೪೧೨ರ ಎದುರು ಒಂದೇ ಒಂದು ಗುಂಡಿ ಇತ್ತು: ಪೋಷಕರಿಗೆ ಸಂದೇಶ.

ಒತ್ತಿದ. 'ನಿಮ್ಮ ಮಗು ಇನ್ನೂ ಕಾಲೇಜಿಗೆ ಅರ್ಜಿ ಹಾಕಿಲ್ಲ. ದಯವಿಟ್ಟು ಗಮನಿಸಿ.'

ಉತ್ತರ ಬರಲಿಲ್ಲ. ಅಮ್ಮನ ಫೋನ್ ಬಂತು. ಈ ಹೊತ್ತಿನಲ್ಲಿ ಅಮ್ಮ ಫೋನ್ ಮಾಡುವುದು ಮನೆಗೆ ಏನಾದರೂ ತರಲು ಹೇಳುವುದಕ್ಕೆ. ಕಟ್ ಮಾಡಿದ.

ಮೂರು ಶಾಲೆಗಳಿಗೂ ಫೋನ್ ಮಾಡಿದರೆ ಮೂವರೂ ನಮ್ಮ ಮಗುವಲ್ಲ ಎಂದರು. ಬಚ್ಚಿಡುತ್ತಿದ್ದಾರೆ ಅನ್ನಿಸಿತು. ಬಿಸಿ ಹೆಂಚಿನ ಮೇಲೆ ಬಿದ್ದ ನೀರಹನಿಯ ಹಾಗೆ ಸಿಡಿಯುತ್ತ ಎದ್ದುನಿಂತ.

ಆಚೆ ಮೇಜಿನಿಂದ ಲೆಕ್ಕದ ಮೇಡಂ ಕನ್ನಡಕದ ಮೇಲಿಂದ ನೋಡಿದರು. ವಲಯಾಧಿಕಾರಿಗಳ ಬಿಲ್ಲನ್ನೇ ಒಂದು ಪೆನ್ಸಿಲ್ಲಿನ ರಸೀದಿ ಇಲ್ಲವೆಂದು ಹಿಂದಕ್ಕೆ ಕಳಿಸಿದ ಹೆಂಗಸು. "ದಯವಿಟ್ಟು ಗಿಯವಿಟ್ಟು ಅಂದ್ರೆ ಯಾವ ತಾಯ್ತಂದೆ ಏಳ್ತಾರೆ? ಸ್ವಲ್ಪ ಖಾರ ಹಾಕಿ," ಎಂದರು.

ಹಾಕಿದ. 'ನಿಮ್ಮ ಮಗುವಿನ ಸೋಮಾರಿತನದಿಂದ ನಾನೂರ ಹನ್ನೊಂದು ಮಕ್ಕಳ ಭವಿಷ್ಯ ಅಪಾಯದಲ್ಲಿದೆ.' ಕಳಿಸಿ, ಬೈಕ್ ಹತ್ತಿ ಶಾಲೆಗಳಿಗೆ ಓಡಿದ. ದಾರಿಯಲ್ಲಿ ಅಮ್ಮನ ಫೋನ್ ಎರಡು ಸಲ. ಎರಡು ಸಲವೂ ಕಟ್.

ಮೊದಲನೆಯ ಶಾಲೆಯಲ್ಲಿ ಹಾಜರಿ ಪುಸ್ತಕ ತಿರುವಿಹಾಕಿದ. ಎರಡನೆಯದರಲ್ಲಿ ಮುಖ್ಯ ಶಿಕ್ಷಕರು ಊಟಕ್ಕೆ ಹೋಗಿದ್ದರು. ಅವರು ಬರುವವರೆಗೆ ಕಾರಿಡಾರಿನ ಉದ್ದವನ್ನು ಹದಿನೇಳು ಸಲ ಅಳೆದ. ಮೂರನೆಯದರಲ್ಲಿ ಮುಖ್ಯ ಶಿಕ್ಷಕಿ ಇವನ ಬೆವರು ನೋಡಿ ನೀರು ಕೊಟ್ಟರು. "ನಮ್ಮಲ್ಲಿ ಅರ್ಜಿ ಹಾಕದೆ ಉಳಿದಿರೋಳು ನಾನೊಬ್ಬಳೇ. ಹಾಕ್ಲಾ?"

ಬೇಲಿಯಾಚೆ ಗಾರೆ ಕೆಲಸ ಮಾಡುತ್ತಿದ್ದ ಒಬ್ಬ ಯುವಕ ಎಳೆಯನಂತೆ ಕಂಡ. ಇವನು ಓಡಿಹೋಗಿ ಯಾವ ಶಾಲೆ ಎಂದು ವಿಚಾರಿಸಿದ. ಅವನಿಗೆ ಇಬ್ಬರು ಮಕ್ಕಳಿದ್ದರು.

ಎರಡೂವರೆಗೆ, ಅದೇ ಬೇಲಿಗೆ ಒರಗಿಕೊಂಡು, ಹಲ್ಲು ಕಚ್ಚಿ ಮೂರನೆಯ ಸಂದೇಶ ಕಳಿಸಿದ. 'ನಿಮ್ಮ ಮಗುವಿನ ಸಹವಾಸ ಸರಿಯಿಲ್ಲವೆಂದು ತೋರುತ್ತದೆ. ಸಂಜೆ ನಾಲ್ಕಕ್ಕೆ ವಲಯಾಧಿಕಾರಿಗಳ ಮುಂದೆ ಖುದ್ದಾಗಿ ಹಾಜರಾಗಿ.'

ನಾಲ್ಕಕ್ಕೆ ಐದು ನಿಮಿಷವಿರುವಾಗ ಅವನು ಕಚೇರಿಗೆ ಬಂದು ವಲಯಾಧಿಕಾರಿಗಳ ಪಕ್ಕದಲ್ಲಿ ನಿಂತ. ಬೇಜವಾಬ್ದಾರಿ ಪೋಷಕರಿಗೆ ಹೇಳಬೇಕಾದ ನಾಲ್ಕು ಮಾತನ್ನು ಬಾಯಲ್ಲೇ ಮಸೆಯುತ್ತಿದ್ದ. ಬಾಗಿಲು ತೆರೆಯಿತು. ಕೈಚೀಲವನ್ನು ಎದೆಗವಚಿಕೊಂಡು ಒಳಗೆ ಬಂದವಳು ಅಮ್ಮ.

"ಇವನ ತಾಯಿ ನಾನು, ಸಾರ್," ಎಂದಳು. "ಬೆಳಿಗ್ಗೆಯಿಂದ ದೂರಿನ ಮೇಲೆ ದೂರು. ಇವನಿಗೆ ಫೋನ್ ಮಾಡಿದ್ರೆ ಎತ್ತಲ್ಲ. ಸಹವಾಸ ಸರಿಯಿಲ್ವಂತೆ. ಯಾರ ಜೊತೆ ತಿರುಗ್ತಾನೆ ಸಾರ್?"

ವರ್ಷದ ಮೊದಲ ದಿನ, ಹೊಸ ತಂತ್ರಾಂಶ ಓಡುತ್ತದೋ ಇಲ್ಲವೋ ನೋಡೋಣವೆಂದು, ತನ್ನನ್ನೇ ವಿದ್ಯಾರ್ಥಿಯೆಂದೂ ಅಮ್ಮನನ್ನು ಪೋಷಕಿಯೆಂದೂ ತುಂಬಿಸಿದ್ದು ಅವನಿಗೆ ಆಗ ನೆನಪಾಯಿತು. ತಂತ್ರಾಂಶ ಓಡಿತ್ತು. ಅಳಿಸುವುದು ಮರೆತುಹೋಗಿತ್ತು.

"೪೧೨ ನಾನೇ ಸಾರ್. ಈಗಲೇ ಅಳಿಸ್ತೀನಿ."

"ಅಳಿಸಿದ್ರೆ ವರ್ಷಪೂರ್ತಿ ಒಂದು ತಲೆ ಜಾಸ್ತಿ ತೋರಿಸಿ ಹಣ ತಗೊಂಡ ಹಾಗಾಗುತ್ತೆ," ಎಂದರು ವಲಯಾಧಿಕಾರಿ, ಗಡಿಯಾರ ನೋಡುತ್ತ. "ಅರ್ಜಿ ಹಾಕಿಬಿಡಿ."

"ನಾನು ಎಂ.ಎ. ಮಾಡಿದೀನಿ ಸಾರ್."

"ಹಾಗಿದ್ರೆ ನಿಮಗೆ ಕಷ್ಟ ಆಗಲ್ಲ."

ಕೂತು ತುಂಬಿದ. ಕಾಲೇಜಿನಲ್ಲಿ ಯಾಕೆ ಓದಬೇಕೆಂದಿದ್ದೀರಿ ಎಂಬ ಪ್ರಶ್ನೆಗೆ 'ನೌಕರಿಗಾಗಿ' ಎಂದು ಬರೆದ. ಇಡೀ ದಿನದಲ್ಲಿ ಅವನು ಬರೆದ ಸತ್ಯ ಅದೊಂದೇ. ಪೋಷಕರ ಸಹಿಯ ಜಾಗದಲ್ಲಿ ಅಮ್ಮ ನಿಧಾನವಾಗಿ, ಒಂದೊಂದೇ ಅಕ್ಷರ ಕೂಡಿಸಿ ಸಹಿ ಹಾಕಿದಳು. ಐದಕ್ಕೆ ಎರಡು ನಿಮಿಷವಿರುವಾಗ ಫಲಕದ ಮೇಲೆ ೪೧೨ ಮೂಡಿತು. ಕಚೇರಿಯೆಲ್ಲ ಚಪ್ಪಾಳೆ. ಅನುದಾನ ಉಳಿಯಿತು. ಮುಂದಿನ ವರ್ಷಕ್ಕೂ ಇವನನ್ನು ಸಂಯೋಜಕನಾಗಿ ಮುಂದುವರಿಸುವ ಆದೇಶಕ್ಕೆ ವಲಯಾಧಿಕಾರಿಗಳು ಅಲ್ಲೇ ರುಜು ಮಾಡಿದರು.

ಆದೇಶ ಹಿಡಿದುಕೊಂಡು, ಇಡೀ ದಿನದಲ್ಲಿ ಮೊದಲ ಸಲ ನಿಧಾನವಾಗಿ ನಡೆದು, ಅವನು ಲೆಕ್ಕದ ಮೇಡಂ ಮುಂದೆ ನಿಂತ. ಅವರು ಆದೇಶ ಓದಿದರು, ಎದ್ದು ಫಲಕ ನೋಡಿದರು, ಕಪಾಟಿನಿಂದ ನಿಯಮಗಳ ಪುಸ್ತಕ ತೆಗೆದು ಒಂದು ಪುಟದ ಮೇಲೆ ಬೆರಳಿಟ್ಟರು.

"ವಲಯದ ವಿದ್ಯಾರ್ಥಿಗೆ ವಲಯದಿಂದ ಸಂಬಳ ಕೊಡೋ ಹಾಗಿಲ್ಲ, ಪುಟ್ಟಾ," ಎಂದರು. ನಾಲ್ಕು ವರ್ಷ 'ನೀವು' ಎನ್ನುತ್ತಿದ್ದವರು ಅವರು. "ನೀನು ಅರ್ಜಿ ಹಾಕಿರೋದು ಗೋಡೆ ಮೇಲೇ ಇದೆಯಲ್ಲ."

ಅವನು ಬಾಯಿ ತೆರೆದ. ಮಾತು ಹೊರಡುವ ಮೊದಲೇ ಅಮ್ಮ ಅವನ ಕೈಯಿಂದ ಆದೇಶ ತೆಗೆದುಕೊಂಡು, ಮಡಿಸಿ, ಮೇಡಂಗೇ ವಾಪಸು ಕೊಟ್ಟಳು.

"ಒಳ್ಳೇದೇ ಆಯ್ತು ಬಿಡಿ," ಎಂದಳು. "ಕೆಲಸಕ್ಕೂ ಹೋಗ್ತಿದ್ರೆ ಇವನು ಓದಲ್ಲ."